ಸಮಾಧಿದರ್ಶನವೂ ಶರಣಧರ್ಮವೂ

ಯಾತ್ರಿಕನು ಗುಡಿಗಳನ್ನು ನೋಡುವಂತೆ ಸಮಾಧಿಗಳನ್ನೂ ನೋಡುತ್ತಾನೆ. ಗುಡಿಗೆ ಹೋಗುವವನ ಉದ್ದೇಶವು ಸ್ಪಷ್ಟವಾದುದು. ಸಮಾಧಿಗೆ ಹೋಗುವವನು ಏನನ್ನು ಅರಸಿ ಹೋಗುತ್ತಾನೆ? ಅಂಗೈಯಲ್ಲಿ ಲಿಂಗವನ್ನು ಧರಿಸಿದ ಭಕ್ತನಿಗೆ, ದೇಹವು ಮಣ್ಣಿನಲ್ಲಿ ಮಣ್ಣಾದ ಎಡೆಯಿಂದ ಆಗಬೇಕಾದುದೇನು? ಇದು ವಿಚಾರಣೀಯವಾದ ಪ್ರಶ್ನೆ.

ಹಿಪ್ಪರಗಿಯ ಗೃಹಸ್ಥನಿಗೆ ಈ ಪ್ರಶ್ನೆಯು ದೂರದ್ದಲ್ಲ. ಅವನ ಊರ ಬಳಿ ಹರಿಯುವ ಕೃಷ್ಣೆಯೇ ಜಮಖಂಡಿ, ಬೀಳಗಿಗಳ ಸೀಮೆಯನ್ನು ಹಾಯ್ದು, ಆಲಮಟ್ಟಿಯನ್ನು ದಾಟಿ, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತಾಳೆ. ಅಲ್ಲಿ 12ನೆಯ ಶತಮಾನದ ಬಸವಣ್ಣನವರ ಐಕ್ಯಸ್ಥಳವಿದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನಿಂದ ಅದನ್ನು ಉಳಿಸಲೆಂದು ಸುತ್ತಲೂ ಬಾವಿಯಾಕಾರದ ಕಟ್ಟಡವನ್ನು ಎಬ್ಬಿಸಲಾಗಿದೆ. ಬೇರೆಡೆ ಭಕ್ತನು ದರ್ಶನಕ್ಕಾಗಿ ಮೆಟ್ಟಿಲುಗಳನ್ನು ಏರುತ್ತಾನೆ, ಇಲ್ಲಿ ಇಳಿಯುತ್ತಾನೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಶರಣರು ಸ್ಥಾವರವನ್ನು ನೆಚ್ಚದವರು, ದೇಹವನ್ನೇ ದೇಗುಲವೆಂದವರು. ಅವರ ಗದ್ದುಗೆಗೆ ಹೋಗಿ ಕೈಮುಗಿಯುವುದು ಅವರ ತತ್ತ್ವಕ್ಕೇ ವಿರುದ್ಧವಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಗದ್ದುಗೆಯನ್ನು ಮುಟ್ಟಿದ ಮಾತ್ರಕ್ಕೆ ಪಾಪವು ತೊಳೆಯಿತೆಂದು ತಿಳಿದವನು ಕಲ್ಲನ್ನು ಕಂಡನೇ ಹೊರತು ಶರಣನನ್ನು ಕಾಣಲಿಲ್ಲ.

ಆದರೆ ಇಷ್ಟಕ್ಕೇ ವಿಚಾರವು ಮುಗಿಯದು. ದೇಹವು ಹೇಯವೆಂದು ಶರಣರು ತಳ್ಳಲಿಲ್ಲ. ಲಿಂಗವನ್ನು ಹೊತ್ತ ಕಾಯವು ಅವರಿಗೆ ಪ್ರಸಾದಕಾಯ. ಆದುದರಿಂದಲೇ ಲಿಂಗವಂತನ ದೇಹವನ್ನು ಸುಡದೆ, ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ ಭೂಮಿಗೆ ಒಪ್ಪಿಸುವ ಕ್ರಿಯೆಯು ಬಂದಿದೆ. ಸಮಾಧಿಯು ಕುರುಹು. ಕುರುಹಿನಲ್ಲಿಯೇ ನಿಂತವನಿಗೆ ಅದು ಬಂಧನ. ಕುರುಹಿನಿಂದ ಅರಿವಿಗೆ ನಡೆದವನಿಗೆ ಅದು ದಾರಿ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ನಾಣ್ಣುಡಿಯ ತಾತ್ಪರ್ಯವೂ ಇದೇ. ಬಾಳಿದ ರೀತಿಯನ್ನು ತಿಳಿಯಲೆಂದೇ ಅಳಿದ ಎಡೆಯನ್ನು ನೋಡತಕ್ಕದ್ದು.

ಈ ದೃಷ್ಟಿಯುಳ್ಳವನಿಗೆ ಪರಮತದವರ ಗೋರಿಯೂ ಪಾಠವಾಗುತ್ತದೆ. ವಿಜಯಪುರದ ಗೋಳಗುಮ್ಮಟವು 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರು. ಕೆಳಗೆ ಜಗಲಿಯ ಮೇಲೆ ಕಾಣುವುದು ಗೋರಿಯ ಕುರುಹು ಮಾತ್ರ; ನಿಜವಾದ ಗೋರಿಯು ಅದರಡಿಯ ನೆಲಮಾಳಿಗೆಯಲ್ಲಿದೆ. ಅಷ್ಟು ದೊಡ್ಡ ಛಾವಣಿಯ ಕೆಳಗೂ ಅರಸನಿಗೆ ದೊರೆತ ನೆಲವು ಬಡವನಿಗೆ ದೊರೆಯುವಷ್ಟೇ. ಯಾತ್ರಿಕರು ಪ್ರತಿಧ್ವನಿಯನ್ನು ಕೇಳಲೆಂದು ಅಲ್ಲಿ ಕೂಗುತ್ತಾರೆ. ನಾದದ ಆ ವಿಸ್ಮಯವನ್ನು ಅನುಭವಿಸುವುದು ತಪ್ಪಲ್ಲ. ಆದರೆ ಅದು ಒಬ್ಬನು ಮಲಗಿದ ಎಡೆಯೆಂಬುದನ್ನು ಮರೆಯುವುದೂ, ಗೋಡೆಯ ಮೇಲೆ ಹೆಸರು ಕೆತ್ತುವುದೂ ಸದಾಚಾರವಲ್ಲ.

ಉಳವಿಯ ಕಾಡಿನಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಕಲ್ಯಾಣದಿಂದ ಅಷ್ಟು ದೂರಕ್ಕೆ ಶರಣರು ಏಕೆ ಬರಬೇಕಾಯಿತು? ಕುಲವನ್ನೆಣಿಸದೆ ನಡೆಸಿದ ಒಂದು ಮದುವೆಯೇ ಆ ಕ್ಷೋಭೆಗೆ ಕಾರಣವೆಂದು ಪರಂಪರೆಯು ಹೇಳುತ್ತದೆ. ಹಾಗಿರುವಲ್ಲಿ ಆ ಗದ್ದುಗೆಗೆ ತೆಂಗಿನಕಾಯಿ ಒಡೆದು ಬಂದ ಭಕ್ತನ ಊರಿನ ಸ್ಥಿತಿಯೇನು? ಕುಲಕ್ಕೊಂದು ಸ್ಮಶಾನವಿರುವ ಊರುಗಳುಂಟು. ಕೆಲವು ಕುಲದವರಿಗೆ ಹೂಳಲು ನೆಲವೇ ಇಲ್ಲದ ಊರುಗಳೂ ಉಂಟು. ಹೆಣವನ್ನು ಹೊತ್ತವರು ಹಳ್ಳದ ದಂಡೆಯಲ್ಲಿ ಜಾಗ ಹುಡುಕುತ್ತಿರುವಾಗ, ಅದೇ ಊರಿನ ಭಕ್ತನು ದೂರದ ಗದ್ದುಗೆಯ ಯಾತ್ರೆಗೆ ಗಾಡಿ ಹೂಡಿಸಿದರೆ, ಆ ಯಾತ್ರೆಯು ಯಾರನ್ನು ಮುಟ್ಟೀತು? ಮಣ್ಣಿಗೆ ಕುಲವಿಲ್ಲ; ಬೇಲಿ ಹಾಕಿದವರಿಗಿದೆ.

ಆದುದರಿಂದ ಸಮಾಧಿದರ್ಶನವು ನಿಷಿದ್ಧವಲ್ಲ, ಸಾಕಾದುದೂ ಅಲ್ಲ. ಕೂಡಲಸಂಗಮದ ಮೆಟ್ಟಿಲುಗಳನ್ನು ಇಳಿದವನು ಮನೆಗೆ ಮರಳಿದ ಮೇಲೆ ತನ್ನ ಊರಿನ ರುದ್ರಭೂಮಿಗೆ ಒಮ್ಮೆ ಹೋಗಲಿ. ಹಿರಿಯರ ಸಮಾಧಿಯ ಮೇಲಿನ ಮುಳ್ಳುಕಂಟಿಯನ್ನು ಕೀಳಲಿ. ನೆರೆಯವರ ಸತ್ತವರಿಗೂ ಆರಡಿ ನೆಲವುಂಟೋ ಎಂದು ವಿಚಾರಿಸಲಿ. ಇಲ್ಲದಿದ್ದರೆ ಅದನ್ನು ಒದಗಿಸಲು ಊರಿನ ಹಿರಿಯರೊಡನೆ ಕುಳಿತು ಮಾತನಾಡಲಿ. ಆಗ ಅವನ ಯಾತ್ರೆಯು ಪೂರ್ಣವಾಗುವುದು.