ಬಂಡೆಯ ಮೇಲಣ ಅಕ್ಷರವೂ ನಮ್ಮ ನಡತೆಯೂ



ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವುಂಟು. ಅದು ಕೆತ್ತಲ್ಪಟ್ಟು 2,200 ವರುಷಗಳಿಗೆ ಮೇಲಾಯಿತು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬುದು ಅದರ ಬೋಧನೆ. ಆದರೆ ಆ ಬ್ರಾಹ್ಮೀ ಲಿಪಿಯನ್ನು ಜನರು ಮರೆತರು. ಬಂಡೆಯನ್ನು ಕಂಡರೂ ಅದರ ಬುದ್ಧಿಮಾತನ್ನು ತಿಳಿಯದೆ ಹೋದರು. ಬೆಂಗಳೂರಿನ ಮಿಷನರಿಯೊಬ್ಬರ ಮಗನಾದ ಬಿ. ಎಲ್. ರೈಸರು 1892ರಲ್ಲಿ ಅದನ್ನು ಪತ್ತೆಮಾಡುವಷ್ಟರಲ್ಲಿ ಅಕ್ಷರಗಳು ಬಹಳ ಸವೆದಿದ್ದವು.

ನಮ್ಮ ನೆರೆಯವರಲ್ಲಿ ಅನೇಕರು ಸತ್ಯವೇದವನ್ನು ತೆರೆದವರೇ ಅಲ್ಲ. ಅವರಿಗೆ ಅದು ಓದಲಾಗದ ಬಂಡೆಯಂತೆಯೇ ಇರುತ್ತದೆ. ಹಾಗಾದರೆ ಅವರು ಓದುವದು ಏನನ್ನು? ನಮ್ಮ ಕೈಗಳನ್ನೇ. ಜ್ವರದಲ್ಲಿ ಮಲಗಿದವಳ ಮನೆಗೆ ಗಂಜಿ ಕೊಂಡುಹೋದೆವೋ? ಮಳೆ ತಪ್ಪಿದ ವರುಷ ನಮ್ಮ ಜೋಳದಲ್ಲಿ ವಿಧವೆಗೆ ಪಾಲಿತ್ತೋ? ನಮ್ಮ ಮೇಲೆ ವ್ಯಾಜ್ಯ ಹೂಡಿದವನ ಎತ್ತು ಕೆಸರಿನಲ್ಲಿ ಹೂತಾಗ ಹಗ್ಗ ಹಿಡಿದೆವೋ?

ದಯೆಯನ್ನು ಅರಸನೂ ಕಲಿಸಿದನಲ್ಲಾ, ಕ್ರೈಸ್ತರಿಗೆ ವಿಶೇಷವೇನು ಎಂದು ಒಬ್ಬನು ಕೇಳಾನು. ದಯೆಯು ನಮ್ಮೊಬ್ಬರ ಸೊತ್ತಲ್ಲವೆಂದು ನಮ್ರತೆಯಿಂದ ಒಪ್ಪೋಣ. ಆದರೆ ನಾವು ಯೋಗ್ಯರಾಗುವ ಮೊದಲೇ ನಮ್ಮನ್ನು ಪ್ರೀತಿಸಿದ ಕರ್ತನಿಗೆ ನಾವು ಸಾಲಗಾರರು. ಆದಕಾರಣ ಉಪಕಾರವನ್ನು ಗಾಳದ ಹುಳವನ್ನಾಗಿ ಮಾಡಬಾರದು. ನೆರೆಯವನು ನಮ್ಮ ಸಭೆಗೆ ಎಂದೂ ಬಾರದಿದ್ದರೂ ಅವನನ್ನು ಆರೈಕೆಮಾಡತಕ್ಕದ್ದು.

ಪೌಲನು ಕೊರಿಂಥದ ಸಭೆಯವರನ್ನೇ ಒಂದು ಪತ್ರಕ್ಕೆ ಹೋಲಿಸಿದನು. ನಮ್ಮಲ್ಲಿ ಆ ಅಕ್ಷರವು ಸವೆದಿದೆಯೋ? ಈ ವಾರ ಕಷ್ಟದಲ್ಲಿರುವ ಒಂದು ಮನೆಯ ಬಾಗಿಲಿಗೆ ಹೋಗಿ ಅದನ್ನು ತಿರಿಗಿ ಬರೆಯೋಣ.