ಕಿಡಕಿಯ ಬಳೆ ಮತ್ತು ಐದನೆಯ ಭೇದ

ಆನೆಗೊಂದಿಯಲ್ಲಿ ಕಿಡಕಿಗೆ ಗಟ್ಟಿ ಹಿಡಿಕೆ ಇಲ್ಲದಿದ್ದರೆ ಸಂಸಾರ ನಡೆಯುವುದಿಲ್ಲ. ಇದು ಕಿಷ್ಕಿಂಧೆ. ಅಂಜನಾದ್ರಿ ಹತ್ತಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದವರೇ ಮನೆ ಮುಟ್ಟಿದ ಕೂಡಲೇ ಅವನ ಬಳಗ ಒಳಗೆ ನುಗ್ಗದ ಹಾಗೆ ಚಿಲಕ ಹಾಕುತ್ತಾರೆ. ಹೊಳೆಯಾಚೆ ಹಂಪಿಯ ಚಕ್ರತೀರ್ಥದ ಹತ್ತಿರ ವ್ಯಾಸರಾಜರು ಬಂಡೆಯ ಮೇಲೆ ಹನುಮನ ಚಿತ್ರ ಬರೆದಾಗಲೆಲ್ಲ ಅವನು ಕೋತಿಯಾಗಿ ಜಿಗಿದು ಹೋಗುತ್ತಿದ್ದನಂತೆ. ಹನ್ನೆರಡು ಸಲ ಹೀಗಾದ ಮೇಲೆ ಯಂತ್ರದೊಳಗೆ ಕಟ್ಟಿ ನಿಲ್ಲಿಸಿದರು ಎಂಬುದು ಯಂತ್ರೋದ್ಧಾರಕ ಪ್ರಾಣದೇವರ ಕಥೆ. ಅಂಥ ಯತಿಗಳಿಗೇ ಅಷ್ಟು ಸಲ ಬೇಕಾಯಿತು. ನಾವು ಒಂದು ಕೊಂಡಿಯನ್ನು ನಂಬಿ ಮಧ್ಯಾಹ್ನ ನಿದ್ದೆ ಮಾಡುವವರು.

ನಾನು ಹೇಳಬೇಕೆಂದಿರುವ ಹಿಡಿಕೆ ಮಾತ್ರ ಮಂಗಗಳ ಕಣ್ಣಿಗೆ ಎಂದೂ ಬಿದ್ದದ್ದಲ್ಲ. ನಮ್ಮ ಮನೆಯ ಪಡಸಾಲೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಿಡಕಿ ಇದೆ. ಮಣ್ಣಿನ ದಪ್ಪ ಗೋಡೆ, ಎರಡು ಸಾಗವಾನಿ ಕದ, ಬಲಗದಕ್ಕೆ ಹಿತ್ತಾಳೆಯದೊಂದು ಬಳೆ. ಪಡಸಾಲೆಯಲ್ಲಿ ಮಾವನವರು ಮೂರು ನಾಲ್ಕು ಹುಡುಗರಿಗೆ ಶಾಸ್ತ್ರಪಾಠ ಹೇಳುತ್ತಿದ್ದರು. ನಡುಮನೆಯಲ್ಲಿ ಅತ್ತೆಯವರು ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ, ಬಲಗದವನ್ನು ಎರಡು ಬೆರಳಿನಷ್ಟು ತೆರೆದು, ಬಳೆ ಹಿಡಿದುಕೊಂಡು ಕೇಳುತ್ತಿದ್ದರು. 1980ರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ನನಗೂ ಅಲ್ಲೇ ಜಾಗ ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಹೋಗಿ ಐವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡುವವಳು, ಸಂಜೆ ಕಿಡಕಿ ಹಿಂದೆ ನಿಂತು ಪಾಠ ಕೇಳುತ್ತಿದ್ದೆ. ಮಧ್ವಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಮೊದಲಿಗೇ ಉತ್ತಮ ಸ್ತ್ರೀಯರಿಗೆ ವೇದದಲ್ಲೂ ಅಧಿಕಾರ ಉಂಟು ಎಂಬ ಮಾತನ್ನು ಎತ್ತಿಕೊಂಡಿದ್ದಾರೆ. ಆದರೆ ಅಲ್ಲಿ ಉದಾಹರಣೆಗೆ ಬಂದವರು ಊರ್ವಶಿ, ಯಮಿ, ಶಚಿ. ಆನೆಗೊಂದಿಯ ಅಡುಗೆಮನೆಯಿಂದ ಯಾರ ಹೆಸರೂ ಇಲ್ಲ.

ಒಂದು ಸಂಜೆ ಹೊಸದಾಗಿ ಸೇರಿದ ಹುಡುಗನೊಬ್ಬ ಮಧ್ವಸಿದ್ಧಾಂತದ ಪಂಚಭೇದ ಒಪ್ಪಿಸುತ್ತಿದ್ದ. ಜೀವಕ್ಕೂ ಈಶ್ವರನಿಗೂ ಭೇದ, ಜೀವಕ್ಕೂ ಜೀವಕ್ಕೂ ಭೇದ, ಜಡಕ್ಕೂ ಈಶ್ವರನಿಗೂ ಭೇದ, ಜಡಕ್ಕೂ ಜೀವಕ್ಕೂ ಭೇದ. ಅಲ್ಲಿಗೆ ನಿಂತ. ಮಾವನವರೂ ಸುಮ್ಮನಿದ್ದರು. ಹುಡುಗ ಮತ್ತೆ ಮೊದಲಿನಿಂದ ಹೇಳಿ ಮತ್ತೆ ಅಲ್ಲೇ ನಿಂತ. ಆಗ ಅತ್ತೆಯವರು ಬಳೆಯನ್ನು ಎತ್ತಿ ಅದು ನೇತುಬಿದ್ದ ಕಬ್ಬಿಣದ ಕೊಂಡಿಗೆ ಟಣ್ ಟಣ್ ಎಂದು ಎರಡು ಸಲ ತಾಗಿಸಿದರು. ಮಾವನವರು ತಿರುಗಿ ನೋಡಲಿಲ್ಲ. "ಐದನೇದ್ದು ಒಳಗಿಂದ ಬಂತು ನೋಡಪಾ, ಕೇಳಿಸ್ಕೊಂಡಿ ಏನು?" ಎಂದರು. ಹುಡುಗನಿಗೆ ತಿಳಿಯಲಿಲ್ಲ. ಜಡಕ್ಕೂ ಜಡಕ್ಕೂ ಭೇದ ಎಂದು ಅವರೇ ಬಾಯಿಬಿಟ್ಟು ಹೇಳಬೇಕಾಯಿತು. ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದೆ.

ಹೋದ ವರ್ಷ ಆ ಬಳೆ ತುಂಡಾಯಿತು. ಮೇಲುಭಾಗದಲ್ಲಿ, ಕೊಂಡಿಯೊಳಗೆ ಕೂರುವ ಜಾಗದಲ್ಲಿ, ಸವೆದು ಸವೆದು ದಾರದಷ್ಟಾಗಿತ್ತು. ಕೆಳಗಡೆ, ಕೈ ಹಿಡಿಯುವಲ್ಲಿ, ನುಣುಪಾಗಿತ್ತೇ ಹೊರತು ದಪ್ಪ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಬಡಿಗೇರ ಅದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ: "ಕೈಯಾಗ ಸವದಿಲ್ರೀ ಅಕ್ಕಾರ. ಕಬ್ಬಣ ತಿಂದೈತಿ. ಹಿತ್ತಾಳಿ ಮೆತ್ತಂದು, ಕಬ್ಬಣ ಬಿರಸು. ಎರಡೂ ಒಂದ ಇದ್ದಿದ್ರ ಇಷ್ಟು ಹರೀತಿದ್ದಿಲ್ಲ." ಇಷ್ಟು ವರ್ಷ ನಾನು ಅದು ಅತ್ತೆಯವರ ಕೈಯಿಂದ ಸವೆಯುತ್ತಿದೆ ಎಂದುಕೊಂಡು ಒಂದು ಥರದ ಭಕ್ತಿಯಿಂದ ನೋಡುತ್ತಿದ್ದೆ. ಬಡಿಗೇರ ಒಂದೇ ಮಾತಿನಲ್ಲಿ ಐದನೆಯ ಭೇದಕ್ಕೆ ಭಾಷ್ಯ ಬರೆದುಬಿಟ್ಟ. ಜಡಕ್ಕೂ ಜಡಕ್ಕೂ ಇರುವ ಭೇದ ಬರೀ ಮಾತಲ್ಲ, ಅದು ಬಳೆ ತುಂಡು ಮಾಡುತ್ತದೆ.

ಅಂಥ ಬಳೆ ಗಂಗಾವತಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಎರಡು ಸ್ಕ್ರೂ ಹೊಡೆದು ಕೂರಿಸುವ ಸ್ಟೀಲ್ ಹಿಡಿಕೆ. ಕೊಂಡಿ ಕೀಳುವುದೇ ದೊಡ್ಡ ಕೆಲಸವಾಯಿತು. ಅದರ ಎರಡೂ ಕಾಲು ಕದವನ್ನು ದಾಟಿ ಹಿಂದೆ ಮಡಚಿ ಕಟ್ಟಿಗೆಯೊಳಗೆ ಹೂತುಹೋಗಿದ್ದವು, ಮೇಲೆ ಬಣ್ಣದ ಪದರು ಬೇರೆ. ಬಡಿಗೇರ ಉಳಿಯ ತುದಿಯಿಂದ ಬಣ್ಣ ಕೆರೆದು, ಸೀಮೆಎಣ್ಣೆ ಬಿಟ್ಟು, ಕಾಲುಗಳನ್ನು ನೆಟ್ಟಗೆ ಮಾಡಿ ಮುಂದಿನಿಂದ ಎಳೆದ. ಉಳಿದ ತೂತಿಗೆ ಸಾಗವಾನಿಯದೇ ಬೆಣೆ ಕೆತ್ತಿ, ಫೆವಿಕಾಲ್ ಸವರಿ, ಹೊಡೆದು, ಗರಗಸದಿಂದ ಸಮ ಮಾಡಿದ. ಹೊಸ ಹಿಡಿಕೆಯನ್ನು ಅದರ ಮೇಲೆ ಕೂರಿಸದೆ ಒಂದಿಷ್ಟು ಕೆಳಗೆ ಕೂರಿಸಿದ. ಬೆಣೆಯಲ್ಲಿ ಸ್ಕ್ರೂ ಗಟ್ಟಿ ಹಿಡಿಯುವುದಿಲ್ಲವಂತೆ. ನಮ್ಮ ಊರಲ್ಲಿ ಗೋಡೆ ಎತ್ತಬೇಕೆಂದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. ಹಿಡಿಕೆಯನ್ನು ಯಾರೂ ಕೇಳುವುದಿಲ್ಲ. ಕೇಳಿದ್ದು ಬೆಂಗಳೂರಿನಿಂದ ಬಂದ ಮಗಳು.

"ಅಮ್ಮಾ, ಅದು ಹೋದ ಮ್ಯಾಲೆ ಅಜ್ಜಿ ಕಿಡಕಿ ಎಲ್ಲಿ ಉಳೀತು? ಬ್ಯಾರೇದ ಆತಲ್ಲ!"

ಇದು ಕೋಪದ ಮಾತಾದರೂ ಒಳ್ಳೆಯ ಪ್ರಶ್ನೆ. ವೈಶೇಷಿಕರಿಗೆ ಕೇಳಿದ್ದರೆ ಅವಳ ಪಕ್ಷವನ್ನೇ ಹಿಡಿಯುತ್ತಿದ್ದರು. ಬಟ್ಟೆಯಿಂದ ಒಂದು ಎಳೆ ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟುತ್ತದೆ ಎನ್ನುವಷ್ಟು ನಿಷ್ಠುರರು ಅವರು. ಬೌದ್ಧರಾದರೆ, ಬಳೆ ಇದ್ದಾಗಲೂ ನಿನ್ನೆಯ ಕಿಡಕಿ ಇವತ್ತಿಲ್ಲ, ಅದೇ ಇದು ಎನ್ನುವುದು ದೀಪದ ಉರಿ ನೋಡಿ ಮೋಸಹೋದಂತೆ ಎನ್ನುತ್ತಿದ್ದರು. ಕಿಡಕಿ ಹಿಂದೆ ನಿಂತು ನಾನು ಕೇಳಿದ ಪಾಠ ಇವೆರಡೂ ಅಲ್ಲ. ವಸ್ತು ಇರುವವರೆಗೂ ಅದನ್ನು ಬಿಡದ ಧರ್ಮಗಳು ಕೆಲವು, ಅವು ವಸ್ತುವಿನೊಂದಿಗೆ ಅಭಿನ್ನ. ವಸ್ತು ಉಳಿದಿರುವಾಗಲೇ ಬಂದು ಹೋಗುವವು ಕೆಲವು, ಅವಕ್ಕೆ ವಸ್ತುವಿನೊಂದಿಗೆ ಭೇದವೂ ಉಂಟು, ಅಭೇದವೂ ಉಂಟು. ಮಾವನವರು ಮಾವಿನಕಾಯಿಯನ್ನೇ ತರಿಸಿ ಎದುರಿಗಿಟ್ಟುಕೊಂಡು ಹೇಳುತ್ತಿದ್ದರು: ಹಸಿರು ಹೋಗಿ ಹಳದಿ ಬಂದರೂ ಹಣ್ಣು ಅದೇ, ಆದರೆ ಹಸಿರು ಹಳದಿ ಎರಡೂ ಒಂದೇ ಎನ್ನಬೇಡಿ. ನನಗೆ ಈ ಸಿದ್ಧಾಂತದಲ್ಲಿ ಹಿಡಿಸುವುದು ಅದರ ಈ ಪ್ರಾಮಾಣಿಕತೆ. ಸ್ಟೀಲ್ ಹಿಡಿಕೆ ಹಿತ್ತಾಳೆ ಬಳೆಯ ವೇಷ ಹಾಕಬೇಕಾಗಿಲ್ಲ. ಅದು ಬೇರೆಯೇ, ನಿಜವಾಗಿಯೂ ಬೇರೆ. ಕಿಡಕಿ ಮಾತ್ರ ಅದೇ.

ಮಗಳು ಒಪ್ಪಲಿಲ್ಲ. ನಾನು ಅವಳನ್ನು ನವಬೃಂದಾವನಕ್ಕೆ ಕರೆದುಕೊಂಡು ಹೋದೆ. ಒಪ್ಪಿಸುವುದಕ್ಕಲ್ಲ, ಹೇಗಿದ್ದರೂ ಹೋಗುವುದಿತ್ತು. ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳು, ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರಿಂದ ಹಿಡಿದು ರಾಘವೇಂದ್ರಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರವರೆಗೆ. ನಡುವೆ ವ್ಯಾಸರಾಜರದು. 2019ರ ಜುಲೈ 17ರ ರಾತ್ರಿ ನಿಧಿಯ ಆಸೆಗೆ ಬಿದ್ದವರು ಅದನ್ನು ಒಡೆದು ಅಗೆದುಹಾಕಿದರು. ಮರುದಿನ ಊರಿಗೆ ಊರೇ ಹೊಳೆದಂಡೆಗೆ ಬಂತು. ಹಲವು ಮಠದವರೂ, ಭಕ್ತರೂ ಸೇರಿ ಎರಡು ದಿನದೊಳಗೆ ಮತ್ತೆ ನಿಲ್ಲಿಸಿದರು. ಪ್ರತಿಷ್ಠೆಯಾದ ಮೇಲೆ ಹೋದವರಲ್ಲಿ ಒಬ್ಬರಾದರೂ "ಇದು ಅದೇ ಬೃಂದಾವನವೋ" ಎಂದು ಅನುಮಾನಿಸಿದ್ದನ್ನು ನಾನು ಕೇಳಲಿಲ್ಲ. ನ್ಯಾಯಾಮೃತ, ತರ್ಕತಾಂಡವ ಬರೆದು ಎದುರಾಳಿಗಳ ಒಂದೊಂದು ಎಳೆಯನ್ನೂ ಬಿಡಿಸಿಟ್ಟ ಪಂಡಿತರ ಬೃಂದಾವನದ ಮುಂದೆ ಜನ ತರ್ಕವಿಲ್ಲದೆ ಪ್ರದಕ್ಷಿಣೆ ಹಾಕಿದರು.

ತರ್ಕ ಇಲ್ಲವೆಂದಲ್ಲ, ಅದನ್ನು ಆಗಮಗಳು ಮೊದಲೇ ಮಾಡಿ ಮುಗಿಸಿವೆ. ದೇವಸ್ಥಾನದ ವಿಗ್ರಹ ಜೀರ್ಣವಾದರೆ ಅದರೊಳಗಿನ ಕಲೆಯನ್ನು, ಅಂದರೆ ದೇವರ ಸಾನ್ನಿಧ್ಯವನ್ನು, ಕಲಶದ ನೀರಿಗೆ ಆಕರ್ಷಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ನಡೆಸುತ್ತ, ಹಳೆಯದನ್ನು ನೀರಿಗೆ ಬಿಟ್ಟು, ಹೊಸದರಲ್ಲಿ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಮಯಮತದಂಥ ಶಿಲ್ಪಗ್ರಂಥದಲ್ಲಿ ಜೀರ್ಣೋದ್ಧಾರಕ್ಕೇ ಒಂದು ಅಧ್ಯಾಯವಿದೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಹಳೆಯದನ್ನು ನೀರಿಗೆ ಬಿಡುವ ಧೈರ್ಯ. ಪೂಜೆಗೊಂಡ ವಿಗ್ರಹವನ್ನೇ ಕಪಾಟಿನಲ್ಲಿಟ್ಟುಕೊಳ್ಳಲು ಶಾಸ್ತ್ರ ಬಿಡುವುದಿಲ್ಲ.

ಮಗಳ ಆಸೆ ಇದ್ದದ್ದು ಕಪಾಟಿನ ಕಡೆಗೇ. ತುಂಡಾದ ಬಳೆಗೆ ಚೌಕಟ್ಟು ಹಾಕಿಸಿ ಬೆಂಗಳೂರಿನ ಫ್ಲ್ಯಾಟಿನ ಗೋಡೆಗೆ ತೂಗುಹಾಕಬೇಕೆಂದಳು. ಅವಳ ಮಗಳು ನನ್ನ ಅತ್ತೆಯವರನ್ನು ನೋಡಿಲ್ಲ, ಒಂದು ಗುರುತಾದರೂ ಇರಲಿ ಎಂಬುದು ಅವಳ ವಾದ. ಹಳೆ ಬಾಗಿಲು, ಕೊಂಡಿ, ಹಿತ್ತಾಳೆ ಸಾಮಾನು ಹುಡುಕಿಕೊಂಡು ನಮ್ಮ ಕಡೆ ಬರುವ ವ್ಯಾಪಾರಿಗಳೂ ಇಂಥದ್ದೇ ಗೋಡೆಗಳಿಗಾಗಿ ಬರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೊಂಡೊಯ್ಯುವುದರಲ್ಲಿ ನಂಬಿಕೆಯೂ ಇಲ್ಲ.

ಯಾಕೆಂದರೆ ಆ ಬಳೆ ಯಾವುದಕ್ಕೂ ಪ್ರಮಾಣವಲ್ಲ. ನಮ್ಮ ಮಾಧ್ವರಲ್ಲಿ ಪ್ರಮಾಣಗಳು ಮೂರೇ. ಪ್ರತ್ಯಕ್ಷಕ್ಕೆ ಸಿಗುವುದು ಒಂದು ಹಿತ್ತಾಳೆ ತುಂಡು. ಅನುಮಾನಕ್ಕೆ ಸಿಗುವುದು, ನುಣುಪಾಗಿದೆಯಲ್ಲ, ಯಾರೋ ಹಿಡಿದಿರಬೇಕು ಎನ್ನುವಷ್ಟು. ಸವೆದದ್ದಂತೂ ಕಬ್ಬಿಣದ ಕೆಲಸ ಎಂದು ಬಡಿಗೇರ ತೀರ್ಪು ಕೊಟ್ಟಾಗಿದೆ. ಹಿಡಿದವರು ಯಾರು, ಹಿಡಿದು ಏನು ಕೇಳಿದರು, ಐದನೆಯದನ್ನು ಮರೆತ ಹುಡುಗನನ್ನು ಹೇಗೆ ಎಚ್ಚರಿಸಿದರು ಎಂಬುದು ಯಾವ ಅನುಮಾನಕ್ಕೂ ದಕ್ಕುವುದಿಲ್ಲ. ಅದಕ್ಕೆ ಮೂರನೆಯದೇ ಬೇಕು, ನೋಡಿದವರ ಬಾಯಿಮಾತು. ನನಗಾದರೆ ನೆನಪೇ ಸಾಕು. ನೆನಪನ್ನು ನೈಯಾಯಿಕರು ಪ್ರಮಾಣವೆಂದು ಒಪ್ಪುವುದಿಲ್ಲ. ಮಾಧ್ವರು ಒಪ್ಪುತ್ತಾರೆ, ಅದು ಮನಸ್ಸಿನ ಪ್ರತ್ಯಕ್ಷವೇ ಎನ್ನುತ್ತಾರೆ. ಆದರೆ ನನ್ನ ನೆನಪು ಮೊಮ್ಮಗಳಿಗೆ ನೆನಪಾಗಲಾರದು. ಜೀವಕ್ಕೂ ಜೀವಕ್ಕೂ ಭೇದ ಉಂಟಷ್ಟೆ.

ಹೀಗಾಗಿ ಬಳೆಯ ಎರಡು ತುಂಡುಗಳು, ಒಂದು ಕೈ ಮುರಿದ ಹರಿವಾಣ, ಕರೆಂಟು ಬಂದ ಮೇಲೆ ಯಾರೂ ಮುಟ್ಟದ ಕಂದೀಲಿನ ಬುಡ, ಇಷ್ಟನ್ನೂ ಕೂಡಿಸಿ ಗಂಗಾವತಿಯ ಮೋಡಕಾ ಅಂಗಡಿಗೆ ಹಾಕಿದೆ. ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಮೊಮ್ಮಗಳನ್ನು ಕಿಡಕಿಯ ಹತ್ತಿರ ಕೂರಿಸಿ, "ಅಮ್ಮಾ, ಆ ಹುಡುಗ ಮರ್ತಿದ್ದು ಯಾವುದು, ಮೊದಲಿಂದ ಹೇಳು" ಎಂದಳು. ಮೊಮ್ಮಗಳು ನಾಲ್ಕನ್ನು ಬೇಗ ಕಲಿತಳು. ಐದನೆಯದಕ್ಕೆ ಬಂದಾಗ, ಕಲ್ಲಿಗೂ ಕಲ್ಲಿಗೂ ಬೇರೆ ಇದ್ದರೆ ದೇವರಿಗೇನು ಆಗಬೇಕು ಎಂದು ಕೇಳಿದಳು. ಮಾವನವರು ಇದ್ದಿದ್ದರೆ ಅವಳನ್ನು ಪಡಸಾಲೆಗೇ ಕರೆಯುತ್ತಿದ್ದರೋ ಏನೋ. ಸೃಷ್ಟಿಯಲ್ಲಿ ಒಂದು ಕಲ್ಲಿನಂತೆ ಇನ್ನೊಂದಿಲ್ಲ ಎಂಬುದೂ ಅವನ ಮಹಿಮೆಯೇ ಎಂದು ನಾನು ಉತ್ತರ ಹೇಳಿದೆ. ಅವಳಿಗೆ ಅದು ಸಾಲಲಿಲ್ಲ. ದಸರೆ ರಜೆಗೆ ಬಂದಾಗ ಮತ್ತೆ ಕೇಳುತ್ತಾಳೆ.