ಹರಕೆಯ ವೇಷ ಮತ್ತು ಅದರ ಬೆಲೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಮೊಹರಂನಲ್ಲಿ ವೇಷ ಹಾಕುವುದೂ ಹರಕೆ ತೀರಿಸುವ ಒಂದು ಬಗೆ. ಜಡ್ಡು ವಾಸಿಯಾಗಲಿ, ಮನೆಯಲ್ಲಿ ತೊಟ್ಟಿಲು ತೂಗಲಿ ಎಂದು ಅಲಾಯಿ ದೇವರಿಗೆ ಬೇಡಿಕೊಂಡವರು ಹುಲಿಯಾಗಿ, ಫಕೀರನಾಗಿ, ಅಳ್ಳೊಳ್ಳಿ ಬವ್ವನಾಗಿ ಓಣಿ ಓಣಿ ತಿರುಗುತ್ತಾರೆ. ಹೀಗೆ ಹರಕೆ ಹೊರುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಹಿಂದೂಗಳೂ ಇರುತ್ತಾರೆ.

ಈ ವೇಷಗಳಲ್ಲಿ ಹಲವು ಮನೆಯಲ್ಲೇ ಸಿದ್ಧವಾಗುವಂಥವು. ಅಳ್ಳೊಳ್ಳಿ ಬವ್ವನಿಗೆ ಬೇಕಾದದ್ದು ಮೈಗೆ ಬಳಿಯಲು ಮಸಿ ಅಥವಾ ಕಪ್ಪು ಬಣ್ಣ, ತಲೆಗೆ ರಟ್ಟು ಸುತ್ತಿ ಬಣ್ಣದ ಹಾಳೆ ಅಂಟಿಸಿದ ಉದ್ದನೆಯ ಚೂಪು ಟೋಪಿ, ಸೊಂಟಕ್ಕೆ ಗಂಟೆ, ಕೈಗೊಂದು ಕೋಲು. ಕಥೆಯ ಮಾಂತ್ರಿಕನಂತೆ ಕಾಣುವ ಈ ರೂಪಕ್ಕೆ ಹೆಚ್ಚಿನ ದುಡ್ಡು ಬೇಕಿಲ್ಲ. ಫಕೀರನಾಗುವವರಿಗೆ ಕೊರಳಲ್ಲಿ ಲಾಡಿ, ಹೆಗಲಿಗೊಂದು ಜೋಳಿಗೆ ಸಾಕು. ಉಳ್ಳವರ ಮಗುವೂ ಹರಕೆ ಇದ್ದರೆ ಫಕೀರನಾಗಿ ನೆರೆಹೊರೆಯಲ್ಲಿ ಭಿಕ್ಷೆ ಬೇಡುತ್ತದೆ.

ಮೊಹರಂ ಆಚರಣೆಯ ಮೂಲ ಕ್ರಿ.ಶ. 680ರ ಕರ್ಬಲಾ ಕದನ. ಹಿಜರಿ 61ರ ಮೊಹರಂ 10ರಂದು ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಖಲೀಫ ಯಜೀದನ ಸೈನ್ಯದ ಕೈಯಲ್ಲಿ ಹತರಾದರು. ಬಿಜಾಪುರದ ಆದಿಲಶಾಹಿಗಳಲ್ಲಿ ಹಲವರು ಶಿಯಾ ಪಂಥದವರಾಗಿದ್ದರು. ಈ ಸೀಮೆಯೂ ಅವರ ಆಳ್ವಿಕೆಗೆ ಒಳಪಟ್ಟಿತ್ತು. ಕರ್ಬಲಾದ ಶೋಕ ಇಲ್ಲಿ ರಿವಾಯತ್ ಪದಗಳಾಗಿ ಕನ್ನಡದಲ್ಲಿ ಹಾಡಾಯಿತು. ಹಸ್ತದಾಕಾರದ ಪಂಜಾಗಳು ಅಲಾಯಿ ದೇವರೆನಿಸಿ ಊರಿನ ದೇವರಾದವು. ಸಕ್ಕರೆ ಓದಿಸುವುದು, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದು ಎಲ್ಲ ಜಾತಿಯವರ ಕೆಲಸವಾಯಿತು. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಫಕೀರೇಶ್ವರ ಮಠವಿರುವ ಶಿರಹಟ್ಟಿಯೂ ಇದೇ ಸೀಮೆಯದು.

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ವೇಷವೆಂದರೆ ತನ್ನದಲ್ಲದ ರೂಪ. ತನ್ನದಲ್ಲದ ರೂಪ ತೊಟ್ಟು ದೇವರಿಗೆ ಸತ್ಯವಾದದ್ದನ್ನು ಸಲ್ಲಿಸಲು ಬರುತ್ತದೆಯೇ?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಕಟುವಾಗಿ ಕೇಳಿದವರು ಹನ್ನೆರಡನೆಯ ಶತಮಾನದ ಶರಣರು. ಲಾಂಛನ ಹೊತ್ತು ಆಚಾರ ಬಿಟ್ಟವರನ್ನು ಅವರು ಮತ್ತೆ ಮತ್ತೆ ಖಂಡಿಸಿದರು. ಆದರೆ ಅವರ ನಡುವೆಯೇ ಬಹುರೂಪಿ ಚೌಡಯ್ಯನಿದ್ದ. ಬಗೆಬಗೆಯ ವೇಷ ಹಾಕಿ ಆಡುವುದೇ ಅವನ ಕಾಯಕ. ಆ ಕಾಯಕವನ್ನು ಶರಣರು ಸುಳ್ಳೆಂದು ತಳ್ಳಲಿಲ್ಲ. ಎರಡೂ ನಿಲುವು ಒಂದೇ ತತ್ತ್ವದಿಂದ ಬಂದವು. ಬಹುರೂಪಿ ತಾನು ಆಡುತ್ತಿದ್ದೇನೆಂದು ಎಲ್ಲರಿಗೂ ತಿಳಿಸಿಯೇ ಆಡುತ್ತಾನೆ. ಡಾಂಭಿಕ ತನ್ನ ವೇಷವೇ ತಾನೆಂದು ನಂಬಿಸುತ್ತಾನೆ. ದೋಷವಿರುವುದು ನಂಬಿಸುವುದರಲ್ಲಿ.

ಇಸ್ಲಾಂನಲ್ಲಿ ಈ ವಿಚಾರ ನಿಯತ್ತಿನ ಹೆಸರಿನಲ್ಲಿ ಬರುತ್ತದೆ. ಕರ್ಮದ ಬೆಲೆ ಅದರ ಹಿಂದಿನ ಸಂಕಲ್ಪದಿಂದ ಎಂಬ ಹದೀಸು ಬುಖಾರಿ ಸಂಗ್ರಹದ ಮೊದಲಿಗೇ ಇದೆ. ಆದರೂ ಹಲವು ಉಲೇಮಾಗಳು (ಧರ್ಮವಿದ್ವಾಂಸರು) ಮೊಹರಂ ವೇಷಗಳನ್ನು ಒಪ್ಪುವುದಿಲ್ಲ. ಶೋಕದ ದಿನ ಕುಣಿತ ಸಲ್ಲದು, ದೇವರಿಗಲ್ಲದೆ ಬೇರೆಯವರಿಗೆ ಹರಕೆ ಹೊರಬಾರದು ಎಂಬುದು ಅವರ ಆಕ್ಷೇಪ. ಶಾಸ್ತ್ರದ ನೆಲೆಯಲ್ಲಿ ಈ ಮಾತಿಗೆ ತೂಕವಿದೆ; ಸಂಕಲ್ಪವೊಂದೇ ಯಾವ ಆಚರಣೆಯನ್ನೂ ಶಾಸ್ತ್ರಸಮ್ಮತ ಮಾಡುವುದಿಲ್ಲ. ಆದರೆ ಹರಕೆ ಹೊತ್ತವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದು ಬೇರೆ ವಿಚಾರ. ಅದನ್ನು ತಿಳಿಯಲು ವೇಷದ ಕೆಲಸವನ್ನೇ ನೋಡಬೇಕು.

ಹರಕೆಗಳಲ್ಲಿ ಸಾಮಾನ್ಯವಾಗಿ ವಸ್ತು ಸಲ್ಲುತ್ತದೆ: ಬೆಳ್ಳಿ ಕಣ್ಣು, ತೆಂಗಿನಕಾಯಿ, ಸಕ್ಕರೆ. ವೇಷದ ಹರಕೆಯಲ್ಲಿ ಸಲ್ಲುವುದು ಮನುಷ್ಯನ ಹಮ್ಮು. ಮಸಿ ಬಳಿದುಕೊಂಡವನ ಜಾತಿ, ಹುದ್ದೆ, ಆಸ್ತಿ ಅಷ್ಟು ಹೊತ್ತು ಮರೆಯಾಗುತ್ತವೆ. ಗೌಡನೆನಿಸಿಕೊಂಡವನೂ ಹುಡುಗರ ನಗೆಗೆ ಮೈಯೊಡ್ಡುತ್ತಾನೆ, ಬೇರೆಯವರ ಹೊಸ್ತಿಲಲ್ಲಿ ಕೈ ಚಾಚುತ್ತಾನೆ. ವೇಷ ಅಗ್ಗವಾಗಿರುವುದಕ್ಕೆ ಅರ್ಥ ಬರುವುದು ಇಲ್ಲಿಯೇ. ದುಬಾರಿ ಉಡುಪು ತೊಟ್ಟರೆ ಕಳಚಬೇಕಾದ ಅಂತಸ್ತು ಇನ್ನೊಂದು ರೂಪದಲ್ಲಿ ಮೈಮೇಲೆ ಉಳಿಯುತ್ತದೆ. ರಟ್ಟಿನ ಟೋಪಿಗೆ ಆ ಭಾರವಿಲ್ಲ. ಬಡವನೂ ಧನಿಕನೂ ಅದನ್ನು ಒಂದೇ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ಹಾಗಾಗಿ ಹರಕೆಯಲ್ಲಿ ಇಬ್ಬರೂ ಸಮಾನರು.

ಈ ಸಮಾನತೆಗೆ ಮಿತಿಯೂ ಇದೆ. ಮೊಹರಂ ಮುಗಿದು ಪಂಜಾಗಳು ಹೊಳೆಗೋ ಕೆರೆಗೋ ಹೋಗಿ ಬಂದ ಮೇಲೆ ವೇಷ ಇಳಿಯುತ್ತದೆ, ಹಳೆಯ ಅಂತಸ್ತು ಮರಳುತ್ತದೆ. ಕೆಲವು ದಿನ ಭಿಕ್ಷೆ ಬೇಡಿದವನು ನಾಳೆ ತನ್ನ ಬಾಗಿಲಿಗೆ ಬಂದ ಬಡವನನ್ನು ಗದರಿಸಿ ಕಳಿಸಿದರೆ, ಶರಣರು ಖಂಡಿಸಿದ ಡಾಂಭಿಕತೆ ಅವನಿಗೂ ಅಂಟುತ್ತದೆ. ಬೇಡುವವನ ಕಷ್ಟ ಬೇಡಿಯೇ ತಿಳಿದು, ಆ ತಿಳಿವು ನಡೆಯಲ್ಲಿ ಉಳಿದರೆ ಮಾತ್ರ ಹರಕೆ ಪೂರ್ತಿ ಸಂದಂತೆ. ತನ್ನದಲ್ಲದ ರೂಪದಿಂದಲೂ ಸತ್ಯ ಸಲ್ಲಿಸಬಹುದು. ಅದು ಸತ್ಯವಾಗುವುದು ವೇಷ ಕಳಚಿದ ಮೇಲಿನ ಬಾಳಿನಲ್ಲಿ.